ಅತ್ತಿಗೆಯ ಬಹುವಚನ

ಅಂಗಡಿಯ ಬೋರ್ಡಿನ ಮೇಲೆ 'ಅತ್ತಿಗೆ ನಾದಿನಿ ಹೊಲಿಗೆ ಮಿಷನ್ ರಿಪೇರಿ' ಅಂತ ಬರೆದಿತ್ತು. ಬೋರ್ಡು ಓದಿ ನಕ್ಕೊಂಡು ಒಳಗೆ ಬಂದವರು ಬಾಗಿಲು ದಾಟಿದ ತಕ್ಷಣ ಗಪ್‌ಚುಪ್. ಯಾಕೆ ಅಂದರೆ ಒಳಗೆ ಸದಾ ಜಗಳ ನಡೀತಿರುತ್ತಿತ್ತು, ಅದರ ಮಧ್ಯೆ ತಲೆ ಹಾಕೋ ಧೈರ್ಯ ಯಾರಿಗಿದೆ?

ನಾದಿನಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣದು. ಅತ್ತಿಗೆಗೆ ಹುಟ್ಟಿದಾಗಿನಿಂದ ಕಿವಿ ಕೇಳದು. ಕೆಟ್ಟ ಮಿಷನ್ ಒಂದು ಮೇಜಿಗೆ ಬಂದರೆ ನಾದಿನಿ ಚಕ್ರ ತಿರುಗಿಸಿ, ತಲೆ ಓರೆ ಮಾಡಿ ಕೇಳಿ, "ಶಟಲ್ ಉಜ್ಜುತ್ತಿದೆ, ಎಡಗಡೆ" ಅನ್ನೋಳು. ಅತ್ತಿಗೆ ಬಟ್ಟೆ ಮಗುಚಿ ಹೊಲಿಗೆಯ ಅಡಿಭಾಗ ನೋಡಿ, ಶಟಲ್ ಅಲ್ಲ, ದಾರ ಸಡಿಲ ಅನ್ನೋಳು. ಇವಳು ಹೂಂ ಅಂದರೆ ಅವಳು ಉಹೂಂ. ಜಗಳ ಮುಗಿಯುವ ಹೊತ್ತಿಗೆ ಎರಡೂ ನಿಜ ಅಂತ ಗೊತ್ತಾಗಿ, ಮಿಷನ್ ರಿಪೇರಿಯಾಗಿ, ಗಿರಾಕಿ ಮನೆ ಸೇರಿರುತ್ತಿದ್ದ.

ತೊಂದರೆ ಇದ್ದದ್ದು ಕೆಲಸದಲ್ಲಲ್ಲ, ಮಾತಿನಲ್ಲಿ. ನಾದಿನಿ ಮಾತಾಡಿದರೆ ಅತ್ತಿಗೆ ಕೆಲಸ ಬಿಟ್ಟು ತಲೆಯೆತ್ತಿ ಅವಳ ತುಟಿ ನೋಡಬೇಕು. ಅತ್ತಿಗೆ ಏನಾದರೂ ಹೇಳಬೇಕಾದರೆ ಇವಳ ಕೈ ಹಿಡಿದು ಅಂಗೈಯಲ್ಲಿ ಬೆರಳಿನಿಂದ ಅಕ್ಷರ ಬರೀಬೇಕು. ಒಂದು ಮಾತಿಗೆ ನಾಲ್ಕು ಕೈಯ ಕೆಲಸ ನಿಂತುಹೋಗುತ್ತಿತ್ತು. ಬೈಗುಳದ ಕಥೆಯಂತೂ ಕೇಳಲೇಬೇಡಿ. 'ನಿನ್ನ ತಲೆಯಲ್ಲಿ ಜೇಡಿಮಣ್ಣು' ಅಂತ ಅತ್ತಿಗೆ ಸಿಟ್ಟಿನಿಂದ ಬರೆದರೆ, ಜೇಡಿ ಮುಗಿದು ಮಣ್ಣು ಬರುವಷ್ಟರಲ್ಲಿ ನಾದಿನಿಗೆ ಕಚಗುಳಿಯಾಗಿ ಕಿಲಕಿಲ ನಗು. ಇನ್ನು ಜಗಳಕ್ಕೆ ಮರ್ಯಾದೆ ಎಲ್ಲಿ ಉಳಿಯಿತು?

ಅಂಗಡಿ ಮೊದಲು ನಾದಿನಿಯ ಅಣ್ಣನದು. ಅಣ್ಣ ತೀರಿಹೋದ ಮೇಲೆ ಅತ್ತಿಗೆ ಇನ್ನು ತವರಿಗೆ ಹೋಗುತ್ತಾಳೆ ಅಂತ ಎಲ್ಲರೂ ಅಂದುಕೊಂಡರು. ಅವಳು ಹೋಗಲಿಲ್ಲ. ಮಾರನೇ ವಾರ ಅಂಗಡಿಯ ಬಾಗಿಲು ತೆಗೆದು ಸ್ಕ್ರೂಡ್ರೈವರ್ ಕೈಗೆ ತಗೊಂಡಳು. ಯಾಕೆ ಹೋಗಲಿಲ್ಲ ಅಂತ ನಾದಿನಿ ಇವತ್ತಿನವರೆಗೂ ಕೇಳಿಲ್ಲ. ಕೇಳಿದರೆ, ಅರೆ, ಮರೆತೇಬಿಟ್ಟಿದ್ದೆನಲ್ಲ ಅಂತ ಎಲ್ಲಿ ಹೊರಟುಬಿಡುತ್ತಾಳೋ ಅಂತ ಭಯ.

ಹೀಗಿರುವಾಗ ಇಂಜಿನಿಯರ್ ಹುಡುಗಿ ಬಂದಳು. ಕಾಲೇಜೊಂದರಲ್ಲಿ ಇಂಥ ಜೋಡಿಗಳಿಗೆ ಉಪಕರಣ ಮಾಡಿಕೊಡೋದೇ ಅವಳ ಕೆಲಸ. ಒಳ್ಳೇ ಹುಡುಗಿ, ಮಾತು ಮಾತಿಗೆ ನಗೋಳು, ಬಂದಾಗಲೆಲ್ಲ ಸ್ಟೂಲು ಎಳಕೊಂಡು ಕೂತು ಬಿಸ್ಕತ್ತಿನ ಡಬ್ಬಿ ಖಾಲಿ ಮಾಡೋಳು. ಮೊದಲ ಸಲ ನಾದಿನಿಗೆ ಒಂದು ಕನ್ನಡಕ, ಅತ್ತಿಗೆಗೆ ಒಂದು ಕಿವಿಯ ಯಂತ್ರ ತಂದಿದ್ದಳು.

"ನಂಗೆ ಕಣ್ಣು ಬೇಡಮ್ಮ, ಇವಳಿಗೆ ಬಾಯಿ ಬಂದ್ರೆ ಸಾಕು" ಅಂದಳು ನಾದಿನಿ.

ಅತ್ತಿಗೆ ಅವಳ ಅಂಗೈ ಎಳೆದುಕೊಂಡು ಬರೆದಳು: ನಿಂಗೆ ಬಾಯಿ ಕಮ್ಮಿಯಾದ್ರೆ ಸಾಕು.

ಹುಡುಗಿ ಎರಡನ್ನೂ ವಾಪಸ್ ಚೀಲಕ್ಕೆ ಹಾಕಿಕೊಂಡು ಹೋದಳು. ಆಮೇಲೆ ಬರೀ ಕೂತು ನೋಡಿದಳು, ಎಷ್ಟೋ ದಿನ. ಕೊನೆಗೆ ತಂದಳು ನೋಡಿ, ಅದು ವಸ್ತು ಅಂದರೆ! ನಾದಿನಿಯ ಕಾಲರಿಗೆ ಒಂದು ಪುಟ್ಟ ಮೈಕು. ಅವಳು ಆಡಿದ್ದು ಅತ್ತಿಗೆಯ ಕಣ್ಣೆದುರಿನ ದೀಪದ ಕಂಬಕ್ಕೆ ಸಿಕ್ಕಿಸಿದ ಚಿಕ್ಕ ಪರದೆಯಲ್ಲಿ ಅಕ್ಷರವಾಗಿ ಬರುತ್ತದೆ. ಅತ್ತಿಗೆಯ ಎಡಗೈ ಕೆಳಗೆ ಒಂದು ಕೀಲಿಮಣೆ. ಅವಳು ಒತ್ತಿದ್ದು ನಾದಿನಿಯ ಕಿವಿಯಲ್ಲಿ ಮಾತಾಗಿ ಕೇಳುತ್ತದೆ, ಅದೂ ಒಂದೇ ಕಿವಿಯಲ್ಲಿ. ಇನ್ನೊಂದು ಕಿವಿ ಮಿಷನ್ನಿನದು, ಅದನ್ನು ಮಾತ್ರ ಕೊಡಲ್ಲ ಅಂತ ನಾದಿನಿ ಪಟ್ಟು ಹಿಡಿದಿದ್ದಳು. ಯಂತ್ರದ ಧ್ವನಿ ವಾರ್ತೆ ಓದುವವಳ ಧ್ವನಿ, ಗಂಭೀರ. ನಾದಿನಿ ಅದಕ್ಕೆ ಪಂಡಿತಮ್ಮ ಅಂತ ಹೆಸರಿಟ್ಟಳು.

ಅಬ್ಬಬ್ಬಾ, ಆಮೇಲಿನ ಕೆಲವು ದಿನ! ಇಬ್ಬರೂ ಕೈಯಲ್ಲಿ ಕೆಲಸ ಮಾಡುತ್ತಾ ಬಾಯಲ್ಲಿ ಜಗಳ ಆಡಿದರು. ಇಷ್ಟು ವರ್ಷ ಅಂಗೈಯಲ್ಲಿ ಹಿಡಿಸದೆ ಉಳಿದಿದ್ದ ಬೈಗುಳವೆಲ್ಲ ಹೊರಗೆ ಬಂತು. "ಲೇ ಸೋಮಾರಿ, ಬಾಬಿನ್ ಕೊಡೇ" ಅಂತ ಪಂಡಿತಮ್ಮ ವಾರ್ತೆಯ ಗತ್ತಿನಲ್ಲಿ ಹೇಳುತ್ತಿದ್ದರೆ ನಾದಿನಿ ನಕ್ಕೂ ನಕ್ಕೂ ಸುಸ್ತು.

ಎಡವಟ್ಟಾದದ್ದು ಮೇಷ್ಟ್ರಿಂದ. ನಿವೃತ್ತ ಮೇಷ್ಟ್ರು ಹೆಂಡತಿಯ ಮಿಷನ್ ತಂದಿದ್ದರು, ತುಕ್ಕು ಹಿಡಿದು ಚಕ್ರ ಅಲ್ಲಾಡದ ಮಿಷನ್. ಅತ್ತಿಗೆ ಕೀಲಿ ಒತ್ತಿದಳು. ನಾದಿನಿಯ ಕಿವಿಯ ತಂತಿ ಯಂತ್ರದಿಂದ ಕಳಚಿಬಿದ್ದಿದ್ದು ಇಬ್ಬರಿಗೂ ಗೊತ್ತಿಲ್ಲ. ಅಂಗಡಿ ತುಂಬ ಪಂಡಿತಮ್ಮನ ಧ್ವನಿ ಮೊಳಗಿತು: "ಈ ಮುದುಕಂಗೆ ಎಣ್ಣೆ ಹಾಕು ಎಣ್ಣೆ ಹಾಕು ಅಂತ ಹೇಳಿ ಸಾಕಾಯ್ತು. ಬುದ್ಧಿ ಎಲ್ಲಿ ಅಡವಿಟ್ಟಿದ್ದಾನೋ."

ಮೇಷ್ಟ್ರು ಮಿಷನ್ ಮೇಲಿಂದ ಕೈ ತೆಗೆದರು. ಆಮೇಲೆ, "ಎಲ್ಲೂ ಅಡವಿಟ್ಟಿಲ್ಲಮ್ಮ, ಇಲ್ಲೇ ಇದೆ" ಅಂದು ಸೀದಾ ಹುಡುಗಿಯ ಕಾಲೇಜಿಗೆ ಹೋಗಿ ದೂರು ಕೊಟ್ಟರು. ಇಂಜಿನಿಯರ್ ಹುಡುಗಿ ಓಡಿ ಬಂದು ಯಂತ್ರದಲ್ಲಿ ಏನೋ ಒತ್ತಿದಳು. "ಸರಿ ಮಾಡಿದೀನಿ, ಇನ್ನು ಯಾರಿಗೂ ಬೇಜಾರಾಗಲ್ಲ" ಅಂತ ಹೇಳಿ, ಬಿಸ್ಕತ್ತಿಗೂ ಕಾಯದೆ ಮೇಷ್ಟ್ರ ಕ್ಷಮೆ ಕೇಳೋಕೆ ಓಡಿದಳು.

ಮಾರನೇ ದಿನ ಬೆಳಗ್ಗೆ ನಾದಿನಿ ಕಿವಿಗೆ ತಂತಿ ಸಿಕ್ಕಿಸಿಕೊಂಡಳೋ ಇಲ್ಲವೋ, ಪಂಡಿತಮ್ಮ ಶುರು ಮಾಡಿದಳು: "ದಯವಿಟ್ಟು ತಾವು ಬಾಬಿನ್ ಅನ್ನು ಇತ್ತ ನೀಡುವಿರಾ?"

ನಾದಿನಿಗೆ ನಗು ಬಂತು. ಓಹೋ, ಮೇಷ್ಟ್ರ ಗಲಾಟೆಗೆ ಹೆದರಿ ಅತ್ತಿಗೆ ನಾಟಕ ಆಡುತ್ತಿದ್ದಾಳೆ ಅಂದುಕೊಂಡಳು. ಆದರೆ ನಾಟಕ ಮಧ್ಯಾಹ್ನವಾದರೂ ಮುಗಿಯಲಿಲ್ಲ, ಮಾರನೇ ದಿನವೂ ಮುಗಿಯಲಿಲ್ಲ. "ತಾವು ಊಟ ಮಾಡುವಿರಾ?" "ತಮ್ಮ ಮೊಣಕೈಯನ್ನು ಸರಿಸುವಿರಾ?" ನಾದಿನಿಗೆ ಮೈಯೆಲ್ಲ ಮುಳ್ಳು. ಇಬ್ಬರೂ ಒಂದೇ ವಾರಿಗೆಯವರು. ಅತ್ತಿಗೆ ಮದುವೆಯಾಗಿ ಬಂದಾಗಿನಿಂದ ಇಬ್ಬರ ನಡುವೆ ನೀನು, ಲೇ, ಹೋಗೇ, ಬಾರೇ ಬಿಟ್ಟು ಬೇರೆ ಮಾತಿಲ್ಲ. ಈಗ ಇದೆಲ್ಲಿಯ ತಾವು?

ಕೇಳಿಯೇಬಿಟ್ಟಳು. "ಇದೇನೇ ನಿಂದು, ನಂಗೆ ಬಹುವಚನ?"

ಕೀಲಿಗಳ ಸದ್ದು ಟಕಟಕ ಅಂತ ಬಿರುಸಾಗಿ ಬಂತು. ಪಂಡಿತಮ್ಮ ಅಂದಳು: "ಮೊದಲು ಆರಂಭಿಸಿದ್ದು ತಾವೇ ಅಲ್ಲವೇ?"

"ನಾನೆಲ್ಲಿ ಶುರು ಮಾಡಿದೆ? ಸುಳ್ಳುಬುರುಕಿ!"

"ತಾವು ಹಾಗೆಲ್ಲ ನುಡಿಯಬಾರದು."

ನಾದಿನಿ ಕೈಯಲ್ಲಿದ್ದ ಬಾಬಿನ್ ಮೇಜಿಗೆ ಕುಕ್ಕಿದಳು. ಅವಳೇ ಶುರು ಮಾಡಿ ತನ್ನ ಮೇಲೆ ಹಾಕುತ್ತಿದ್ದಾಳಲ್ಲ! ಪರದೆಯ ಮೇಲೆ ತನ್ನ ಮಾತು ಏನಾಗಿ ಬೀಳುತ್ತಿದೆ ಅಂತ ಅವಳು ನೋಡುವ ಹಾಗಿಲ್ಲ. ಇವಳ ಕಿವಿಯಲ್ಲಿ ತನ್ನ ಮಾತು ಏನಾಗಿ ಕೇಳುತ್ತಿದೆ ಅಂತ ಅತ್ತಿಗೆ ಕೇಳುವ ಹಾಗಿಲ್ಲ. ಮಧ್ಯೆ ಪಂಡಿತಮ್ಮನದೇ ದರ್ಬಾರು.

ಅದೇ ವಾರ ಅತ್ತಿಗೆಯ ತಂಗಿಯ ಫೋನ್ ಬಂತು. ತಂಗಿಗೂ ಕಿವಿ ಕೇಳದು. ಇಬ್ಬರೂ ಫೋನಿನಲ್ಲಿ ಮುಖ ನೋಡಿಕೊಂಡು ಕೈಯಲ್ಲಿ ಮಾತಾಡೋದು. ಆ ಹೊತ್ತಿನಲ್ಲಿ ಅತ್ತಿಗೆಯ ಕೈಗಳು ಸರಸರ ಓಡುವ ಸದ್ದು, ಅಂಗೈ ಅಂಗೈಗೆ ಚಟ್ ಅಂತ ತಾಗುವ ಸದ್ದು, ಗಂಟಲಿನಿಂದ ಬರುವ ಅವಳ ದೊಡ್ಡ ನಗು, ಎಲ್ಲ ಕೇಳುತ್ತಾ ನಾದಿನಿ ಮೂಲೆಯಲ್ಲಿ ಕೂತಿರುತ್ತಿದ್ದಳು. ಅವಳಿಗೆ ಹೊಟ್ಟೆಕಿಚ್ಚು. ಅಪ್ಪಟ ಹೊಟ್ಟೆಕಿಚ್ಚು, ಮುಚ್ಚಿಡೋದೇನಿದೆ? ಅಷ್ಟು ವೇಗವಾಗಿ, ಅಷ್ಟು ಧಾರಾಳವಾಗಿ ಅತ್ತಿಗೆ ತನ್ನ ಜೊತೆ ಯಾವತ್ತೂ ಮಾತಾಡಿಲ್ಲ, ಆಡುವುದಕ್ಕೂ ಆಗುವುದಿಲ್ಲ.

ಫೋನ್ ಇಟ್ಟ ಮೇಲೆ ಕೀಲಿಗಳು ನಿಧಾನವಾಗಿ ಸದ್ದು ಮಾಡಿದವು. "ನನ್ನ ತಂಗಿ ಮನೆಯ ಮಹಡಿಯಲ್ಲಿ ಒಂದು ಕೋಣೆ ಕಟ್ಟಿಸಿದ್ದಾಳೆ. ನಾನು ಶಾಶ್ವತವಾಗಿ ಅಲ್ಲಿಗೆ ಬಂದಿರಬೇಕೆಂದು ಆಹ್ವಾನಿಸಿದ್ದಾಳೆ. ತಮ್ಮ ಅಭಿಪ್ರಾಯವೇನು?"

ಎದೆ ಧಸಕ್ಕೆಂದಾಗ ನಗೋದು ನಾದಿನಿಯ ಹಳೇ ಚಾಳಿ. ಕೈಯಲ್ಲಿದ್ದ ಎಣ್ಣೆಬಟ್ಟೆ ಬೀಸಿ, ನಕ್ಕುಬಿಟ್ಟು, "ಹೋಗೇ!" ಅಂದಳು.

ಕೀಲಿಗಳು ಒಂದೊಂದಾಗಿ ಸದ್ದು ಮಾಡಿದವು. ಆಮೇಲೆ ಪಂಡಿತಮ್ಮ: "ಆಗಲಿ. ತಮ್ಮ ಇಚ್ಛೆಯಂತೆಯೇ ಆಗಲಿ."

ಸದ್ಯ, ಬದುಕಿದೆ ಅಂದುಕೊಂಡಳು ನಾದಿನಿ. ಅವತ್ತು ಎರಡು ಮಿಷನ್ನಿನ ಕೆಲಸ ಒಬ್ಬಳೇ ಮುಗಿಸಿದಳು, ಖುಷಿಗೆ. ಆದರೆ ಸಂಜೆ ಮನೆಯಲ್ಲಿ ಅಟ್ಟದ ಮೇಲಿಂದ ಏನೋ ಎಳೆಯುವ ಸದ್ದು. ಕಬ್ಬಿಣದ ಟ್ರಂಕು. ಮೆಟ್ಟಿಲು ಮೆಟ್ಟಿಲಿಗೂ ಧಡ್ ಧಡ್ ಅಂತ ಇಳಿಯಿತು. ಅತ್ತಿಗೆ ಬಂದು ಅವಳ ಅಂಗೈ ಹಿಡಿದು ಚುಟುಕಾಗಿ ಬರೆದಳು: ತಂಗಿ ಭಾನುವಾರ ಬರ್ತಾಳೆ, ಕರ್ಕೊಂಡು ಹೋಗೋಕೆ. ಬರೆದು ಕೈ ಬಿಟ್ಟಳು. ಇವಳಿಗೆ ಕಚಗುಳಿಯೂ ಆಗಲಿಲ್ಲ.

ಬೇಡ ಅಂತ ಇಷ್ಟು ಸ್ಪಷ್ಟವಾಗಿ ಹೇಳಿದರೂ ಹೊರಟಳಲ್ಲ! ಹಾಗಾದರೆ ಕೇಳಿದ್ದು ಬರೀ ಮಾತಿಗೆ. ಮೊದಲೇ ನಿರ್ಧಾರವಾಗಿತ್ತು, ಅದಕ್ಕೇ ತಾವು, ಅದಕ್ಕೇ ತಮ್ಮ. ಬಿಟ್ಟು ಹೋಗುವವರು ಮೊದಲು ಮಾತಿನಲ್ಲಿ ದೂರ ಹೋಗುತ್ತಾರಲ್ಲ, ಹಾಗೆ. ಇರು ಅಂತ ಬೇಡಿಕೊಳ್ಳೋಣ ಅಂದರೆ ಯಾವ ಬಾಯಲ್ಲಿ? ಅಣ್ಣ ಇದ್ದಿದ್ದರೆ ಅತ್ತಿಗೆ. ಅಣ್ಣನೇ ಇಲ್ಲದ ಮೇಲೆ ಅವಳ ಮೇಲೆ ತನಗೇನು ಹಕ್ಕು? ಹೋಗೋಳು ಹೋಗಲಿ ಅಂತ ನಾದಿನಿ ಗೋಡೆ ಕಡೆ ಮುಖ ಮಾಡಿ ಮಲಗಿದಳು, ಸಿಕ್ಕಾಪಟ್ಟೆ ಅತ್ತಳು. ಅಳುವುದು ಅತ್ತಿಗೆಗೆ ಕೇಳಿಸಲ್ಲ ಅನ್ನೋದೊಂದೇ ಸಮಾಧಾನ.

ಬೆಳಗ್ಗೆ ಎದ್ದವಳು ಬೇರೆಯೇ ಹೆಂಗಸು. ನೀನೊಬ್ಬಳೇನಾ ಬಹುವಚನ ಕಲಿತವಳು? ತಗೋ! "ಅತ್ತಿಗೆಯವರೇ, ತಾವು ದಯಮಾಡಿ ಆ ಕತ್ತರಿಯನ್ನು ಕರುಣಿಸಬೇಕು" ಅಂದಳು. ಆ ಕಡೆಯಿಂದಲೂ ಕಮ್ಮಿಯಿಲ್ಲ: "ಅಗತ್ಯವಾಗಿ. ತಮ್ಮ ಸೇವೆಯೇ ನನ್ನ ಭಾಗ್ಯ." ಅತ್ತಿಗೆ ನಿಜವಾಗಿ ಒತ್ತಿದ್ದು ಏನೋ, ಪಂಡಿತಮ್ಮ ಸೇರಿಸಿದ್ದು ಎಷ್ಟೋ. ಕೈಯಿಂದ ಕೈಗೆ ಕತ್ತರಿ ದಾಟಿಸುವಾಗ ಬೆರಳು ತಾಗದಂತೆ ಇಬ್ಬರೂ ಎಚ್ಚರ ವಹಿಸಿದರು. ಬಂದ ಗಿರಾಕಿಗಳು, ಆಹಾ, ಎಂಥ ಸಂಸ್ಕಾರವಂತರು ಅಂತ ಹೊಗಳಿಕೊಂಡು ಹೋದರು.

ಅತಿವಿನಯದ ಫಲ ಶನಿವಾರ ಬಂತು. ಕೋಟು ಹೊಲಿಯುವ ದರ್ಜಿ ಮಿಷನ್ ಹೊತ್ತುಕೊಂಡು ಬಂದ. ಮಿಷನ್ ಜೊತೆ ಒಂದು ಕೋಟೂ ಬಂದಿತ್ತು, ಅರ್ಧ ಹೊರಗೆ, ಅರ್ಧ ಒಳಗೆ.

"ನಿಮ್ಮ ಹತ್ರ ರಿಪೇರಿ ಮಾಡಿಸ್ಕೊಂಡು ಹೋಗಿ ಇನ್ನೂ ದಾರ ಬದಲಾಯ್ಸಿಲ್ಲ, ತೋಳನ್ನ ಗಬಕ್ ಅಂತ ನುಂಗ್ತಮ್ಮ! ನಾನು ಕೈ ಎಳ್ಕೊಂಡೆ, ಇಲ್ದಿದ್ರೆ ನನ್ನನ್ನೂ ನುಂಗ್ತಿತ್ತು!"

ನಾದಿನಿ ಮುಟ್ಟಿ ನೋಡಿದಳು. ಬಟ್ಟೆ ಎಳೆಯುವ ಹಲ್ಲು ಎತ್ತರವಾಗಿ ಕೂತಿತ್ತು. ಕೂರಿಸಿದವಳು ತಾನೇ. ಸಿಟ್ಟಿನಲ್ಲಿ ಬೆರಳು ತಪ್ಪಿದೆ. ಅತ್ತಿಗೆಯ ಕಣ್ಣಿಗೆ ಅದು ಕಾಣದೆ ಇರುವ ಪ್ರಶ್ನೆಯೇ ಇಲ್ಲ. ಮುಂಚೆಯಾಗಿದ್ದರೆ, ಲೇ ಕುರುಡಿ, ಇದೇನು ಹಲ್ಲೋ ಬೆಟ್ಟವೋ ಅಂತ ಜಾಡಿಸುತ್ತಿದ್ದಳು. ಈಗ ಗೌರವಾನ್ವಿತರ ತಪ್ಪು ಎತ್ತಿ ತೋರಿಸುವುದು ಹೇಗೆ ಅಂತ ಸುಮ್ಮನಿದ್ದಾಳೆ. ಹಾಗಂತ ನಾದಿನಿಯೇನು ಕಮ್ಮಿ? ಅತ್ತಿಗೆ ಹಾಕಿದ ಸೂಜಿ ತಗಡಿಗೆ ತಗುಲಿ ಟಿಕ್ ಅನ್ನುತ್ತಿದ್ದದ್ದು ಅವತ್ತೇ ಕೇಳಿಸಿತ್ತು. ಹೊರಟು ನಿಂತವರಿಗೆ ಯಾಕೆ ಹೇಳಲಿ ಅಂತ ಇವಳೂ ಬಾಯಿ ಬಿಟ್ಟಿರಲಿಲ್ಲ. ಅಂಗಡಿ ಶುರುವಾದಾಗಿನಿಂದ ಒಂದು ಮಿಷನ್ನೂ ಹೀಗೆ ವಾಪಸ್ ಬಂದಿರಲಿಲ್ಲ. ನಾದಿನಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು.

ಭಾನುವಾರವೂ ಅಂಗಡಿ ತೆರೆದೇ ಇತ್ತು, ದರ್ಜಿಯ ಕೋಟು ಬಿಡಿಸಬೇಕಲ್ಲ. ಮನೆಯಿಂದ ತಂದ ಟ್ರಂಕು ಅಂಗಡಿಯ ಬಾಗಿಲ ಪಕ್ಕದಲ್ಲೇ ಕೂತಿತ್ತು. ನಾದಿನಿ ಬೆಳಗಿನಿಂದ ಅದನ್ನು ಎಡವುತ್ತಲೇ ಇದ್ದಳು. ತಂಗಿ ಊಟದ ಹೊತ್ತಿಗೆ ಬರುವವಳು.

ಅಷ್ಟರಲ್ಲಿ ಇಂಜಿನಿಯರ್ ಹುಡುಗಿ ಬಂದಳು, ಬಹಳ ಖುಷಿಯಲ್ಲಿ. ಸ್ಟೂಲು ಎಳೆದು ಕೂತು, ಡಬ್ಬಿಯ ಮುಚ್ಚಳ ತೆಗೆದು, "ಅಮ್ಮಾ, ಬೀದಿಯವರೆಲ್ಲ ಹೇಳ್ತಿದಾರೆ, ಈ ವಾರ ನಿಮ್ಮಂಗಡೀಲಿ ಒಂದು ಜಗಳಾನೂ ಇಲ್ವಂತೆ! ನಮ್ಮತ್ತೆಗೂ ನಂಗೂ ಮಧ್ಯೆ ಇಂಥದ್ದೇ ಒಂದು ಯಂತ್ರ ಇಟ್ಕೊಳ್ಳೋಣ ಅಂತಿದೀನಿ" ಅಂದಳು.

ದುಃಖದಲ್ಲೂ ನಾದಿನಿಗೆ ನಗು ಉಕ್ಕಿತು. "ಹೋಗೇ, ನಿಂದೊಂದು!" ಅಂದಳು.

ಹುಡುಗಿಯೂ ನಕ್ಕಳು. ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು ಕರ್‌ಕರ್ ಅಂತ ಬಿಸ್ಕತ್ತು ಕಡಿದಳು.

ಆ ಕಡೆ ಸ್ಕ್ರೂಡ್ರೈವರ್ ಠಣ್ ಅಂತ ನೆಲಕ್ಕೆ ಬಿತ್ತು.

ಅತ್ತಿಗೆ ಎದ್ದು ಬರುವ ಹೆಜ್ಜೆ. ನಾದಿನಿಯ ಗಲ್ಲ ಎಣ್ಣೆಗೈಯಲ್ಲಿ ಸಿಕ್ಕಿಕೊಂಡಿತು, ಮುಖ ದೀಪದ ಕಡೆಗೆ ತಿರುಗಿತು, ಕೆನ್ನೆಗೆ ದೀಪದ ಬಿಸಿ ತಾಗಿತು. ಅತ್ತಿಗೆ ಅವಳ ಮುಖ ನೋಡುತ್ತಿದ್ದಾಳೆ. ಯಂತ್ರ ಬಂದ ಮೇಲೆ ಇದೇ ಮೊದಲು. ಇಷ್ಟು ದಿನ ಅವಳು ನೋಡುತ್ತಿದ್ದದ್ದು ಪರದೆಯನ್ನ.

"ಏನಾಯ್ತೇ?" ಅಂದಳು ನಾದಿನಿ, ಗಲ್ಲ ಬಿಡಿಸಿಕೊಳ್ಳದೆ.

ಅತ್ತಿಗೆ ಹುಡುಗಿಯ ತೋಳು ಹಿಡಿದು ಪರದೆಯ ಮುಂದೆ ಎಳೆದು ನಿಲ್ಲಿಸಿದಳು. ಪರದೆಯ ಗಾಜಿನ ಮೇಲೆ ಬೆರಳಿನಿಂದ ಟಕ್ ಟಕ್ ಅಂತ ಕುಟ್ಟಿದಳು. ಹುಡುಗಿ ಓದಿದಳು.

"'ದಯವಿಟ್ಟು ಹೋಗಿ.'"

"ಯಾರು ಅಂದಿದ್ದು?" ಅಂದಳು ನಾದಿನಿ.

"ನೀವೇ. ನಂಗೆ. ಈಗ್ತಾನೆ." ಹುಡುಗಿಯ ಬಾಯಲ್ಲಿ ಬಿಸ್ಕತ್ತು ಹಾಗೇ ನಿಂತಿತು. "ಅಯ್ಯಯ್ಯೋ. ನೀವಂದಿದ್ದು ಹೋಗೇ. ಇಲ್ಲಿ ಬಂದಿರೋದು ದಯವಿಟ್ಟು ಹೋಗಿ."

ಎದ್ದು ಹೋಗಿ ಅಂತ ಹೇಳಿಸಿಕೊಂಡ ಹುಡುಗಿ ಎದ್ದು ಹೋಗದೆ, ನಕ್ಕು ಸ್ಟೂಲು ಹತ್ತಿರ ಎಳೆದುಕೊಂಡದ್ದನ್ನು ಅತ್ತಿಗೆ ನೋಡಿದ್ದಳು. ಅದು ಹೇಗೆ ಸಾಧ್ಯ ಅಂತ ತಲೆಯೆತ್ತಿದ್ದಳು. ನಾದಿನಿಗೆ ಈಗ ಒಂದೊಂದಾಗಿ ಹೊಳೆಯಿತು. ಅವತ್ತು ತಂಗಿಯ ವಿಷಯ ಬಂದಾಗ ನಗುತ್ತಾ, ಎಣ್ಣೆಬಟ್ಟೆ ಬೀಸುತ್ತಾ ತಾನು ಅಂದ ಮಾತು. ಪರದೆಯ ಮೇಲೆ ಅತ್ತಿಗೆ ಓದಿಕೊಂಡ ಮಾತು.

"ಅವತ್ತೂ ನಿಂಗೆ ಇದೇ ಬಂತೇನೇ?" ಅಂತ ಕೇಳಿದಳು.

ಅತ್ತಿಗೆ ಅವಳ ಅಂಗೈಯಲ್ಲಿ ಒಂದೇ ಅಕ್ಷರ ಬರೆದಳು: ಹೂಂ.

"ತಪ್ಪು ನಂದೇ, ನಂದೇ" ಅಂತ ಹುಡುಗಿ ಹಣೆ ಚಚ್ಚಿಕೊಂಡಳು. "ಮೇಷ್ಟ್ರ ಗಲಾಟೆ ಆದ್ಮೇಲೆ ಗಿರಾಕಿಗಳಿಗೆ ಗೌರವ ಕೊಡ್ಲಿ ಅಂತ ಒಂದು ಗುಂಡಿ ಒತ್ತಿದ್ದೆ. ಅದು ನಿಮ್ಮಿಬ್ಬರ ಮಧ್ಯೇನೂ ಗೌರವ ಸುರೀತಿದೆ. ನಾನು ಈ ತುದೀಲೂ ಕೂತು ನೋಡ್ಲಿಲ್ಲ, ಆ ತುದೀಲೂ ಕೂತು ಕೇಳ್ಲಿಲ್ಲ. ತಡೀರಿ, ಈಗ್ಲೇ ತೆಗೀತೀನಿ. ಮೇಷ್ಟ್ರು ಬಂದ್ರೆ ಮಾತ್ರ ಹಾಕ್ಕೊಳ್ಳಿ."

ಅವಳು ಯಂತ್ರ ಬಿಚ್ಚಿ ಏನೇನೋ ಒತ್ತಿದಳು. ಆಮೇಲೆ ತಲೆ ಕೆರೆದುಕೊಂಡಳು. "ಇನ್ನೊಂದು ಇದೆ. ಇದಕ್ಕೆ ಹೋಗು ಗೊತ್ತು, ಹೋಗಿ ಗೊತ್ತು. ಹೋಗೇ ಗೊತ್ತಿಲ್ಲ. ಅರ್ಥ ಕೇಳ್ತಿದೆ. ಒಂದ್ಸಲ ಹೇಳಿಕೊಟ್ಬಿಡಿ, ಮತ್ತೆ ತಪ್ಪಲ್ಲ. ಹಳೇ ಮಾತೆಲ್ಲ ಇದರಲ್ಲೇ ಉಳಿದಿದೆ ನೋಡಿ, ತಂಗಿ ಮನೆಗೆ ಹೋಗ್ಲಾ ಅಂತ ಇವರು ಕೇಳಿದಾಗ ಹೋಗೇ ಅಂದ್ರಲ್ಲ, ಹಾಗಂದ್ರೆ ಏನು?"

"ಏನು ಅಂದ್ರೆ... ಸುಮ್ನೆ ಮಾತಿಗೆ ಅನ್ನೋದಪ್ಪ."

"ಮಾತಿಗೆ ಅಂದ್ರೆ ಅದಕ್ಕೆ ತಿಳಿಯಲ್ಲ."

"ತಮಾಷೆ ಸಾಕು ಅಂತ."

"ಅಷ್ಟೇನಾ?"

ನಾದಿನಿ ಬಾಬಿನ್ ಹಿಡಿದು ತಿರುಗಿಸಿದಳು, ಇಟ್ಟಳು, ಮತ್ತೆ ಹಿಡಿದಳು. ಅಷ್ಟು ವರ್ಷದಿಂದ ಕೇಳದೆ ಬಿಟ್ಟದ್ದು, ಹೇಳದೆ ನುಂಗಿದ್ದು ಈಗ ಒಂದು ಯಂತ್ರಕ್ಕೆ ಅರ್ಥ ಕಲಿಸುವ ನೆಪದಲ್ಲಿ ನಾಲಿಗೆ ತುದಿಗೆ ಬಂದು ಕೂತಿತ್ತು. "ಇರು ಅಂತ" ಅಂದಳು, ಮೆಲ್ಲಗೆ.

"ಏನು? ಮೈಕಿಗೆ ಬೀಳ್ಲಿಲ್ಲ."

"ಇರು ಅಂತ!" ಕಿರುಚಿದಳು ನಾದಿನಿ. ಹೊರಗೆ ಬೀದಿಯಲ್ಲಿ ಯಾರೋ ನಿಂತು ಇಣುಕಿದ ಹಾಗಾಯಿತು. "ಹೋಗಬೇಡ, ಇಲ್ಲೇ ಇರು, ನೀನಿಲ್ದೆ ನಂಗಾಗಲ್ಲ ಅಂತ! ಹೋಗೇ ಅಂದ್ರೆ ಇರು ಅಂತ, ಬರ್ಕೊಳ್ಳಮ್ಮ ನಿನ್ನ ಪಂಡಿತಮ್ಮಂಗೆ!"

ಹುಡುಗಿ ಒಂದಕ್ಷರ ಬಿಡದೆ ಬರೆದುಕೊಂಡಳು.

ಕೀಲಿಗಳು ಸದ್ದು ಮಾಡಿದವು, ಹಳೇ ಬಿರುಸಿನಲ್ಲಿ. ಕಿವಿಯಲ್ಲಿ ವಾರ್ತೆಯ ಧ್ವನಿ ಬಂತು: "ಇಷ್ಟನ್ನ ಬಾಯಿಬಿಟ್ಟು ಹೇಳೋಕೆ ನಿಂಗೆ ಒಂದು ಯಂತ್ರ ಬೇಕಾಯ್ತೇನೇ, ಕತ್ತೆ?"

ನಾದಿನಿಗೆ ಅಳುವೂ ನಗುವೂ ಒಟ್ಟಿಗೇ ಬಂದು ಮೂಗು ಸೋರಿತು. "ನನ್ನ ಮುಖ ನೋಡಿದ್ರೆ ತಿಳೀತಿರ್ಲಿಲ್ವೇನೇ ನಿಂಗೆ? ಆ ಪರದೆ ನೋಡ್ಕೊಂಡು ಕೂತಿದ್ಯಲ್ಲ!" ಅಂತ ಜಗಳಕ್ಕೇ ನಿಂತಳು. ಆಮೇಲೆ ಧ್ವನಿ ಇಳಿಯಿತು. "ತಂಗಿ ಜೊತೆ ಇದ್ರೆ ದಿನವಿಡೀ ಕೈತುಂಬ ಮಾತಾಡ್ಬೋದಿತ್ತು ನೀನು."

"ಅದಕ್ಕೆ ಫೋನಿದೆ. ಅವಳಿಗೆ ಜಗಳ ಆಡೋಕೆ ಬರಲ್ಲ."

ಬೀದಿಯ ತುದಿಯಲ್ಲಿ ಕಾರೊಂದು ನಿಂತ ಸದ್ದು, ಬಾಗಿಲು ತೆರೆದು ಮುಚ್ಚಿದ ಸದ್ದು ನಾದಿನಿಗೆ ಮೊದಲು ಕೇಳಿತು. "ಬಂದ್ಲು ಕಣೇ ನಿನ್ನ ತಂಗಿ. ಅಷ್ಟು ದೂರದಿಂದ ಬಂದಿದಾಳೆ. ಏನು ಹೇಳ್ತೀಯ ಅವಳಿಗೆ?"

"ಊಟ ಹಾಕಿ, ಹೋಗಿ ಬಾ ಅಂತೀನಿ."

"ನಂಗೆ?"

ಕೀಲಿಗಳು ಎರಡೇ ಸಲ ಟಕ್ ಟಕ್ ಅಂದವು. ಪಂಡಿತಮ್ಮ ಒಂದು ಕ್ಷಣ ತಡೆದಳು, ಹೊಸದಾಗಿ ಕಲಿತ ಪಾಠವಲ್ಲವೇ. ಆಮೇಲೆ ದೇಶಕ್ಕೆಲ್ಲ ಮುಖ್ಯಾಂಶ ಓದುವವಳ ಗಾಂಭೀರ್ಯದಲ್ಲಿ ಹೇಳಿದಳು:

"ಹೋಗೇ."